ಅಕ್ಕೋರು ಕೇಳುತ್ತಿದ್ದ ಮೂರು ಪ್ರಶ್ನೆ

ಬೆಳಗಾವಿಯ ಖಾಸಬಾಗದಲ್ಲಿದ್ದ ಅಕ್ಕೋರ ಮನೆಯನ್ನು ಬಾಡಿಗೆಗೆ ಕೊಡುವ ಮೊದಲು ಅವರ ತಮ್ಮ ನನಗೆ ಫೋನು ಮಾಡಿ, ಬೇಕಾದ ಗಿಡಗಳಿದ್ದರೆ ಒಯ್ಯಿರಿ ಎಂದರು. ಅಕ್ಕೋರು ತೀರಿಕೊಂಡು ಆಗಿನ್ನೂ ತಿಂಗಳಾಗಿರಲಿಲ್ಲ. ನಾನು ಹೋದೆ, ಆದರೆ ಗಿಡ ತರಲಿಲ್ಲ. ಬೇರು ಬಿಟ್ಟು ವರ್ಷಗಳಾದ ಗುಲಾಬಿಯನ್ನು ಕಿತ್ತರೆ ಅದು ಬದುಕುವುದು ಕಷ್ಟ ಎಂದು ಅವರೇ ಹೇಳಿದ್ದರು. ಹಿತ್ತಲಿನ ನಲ್ಲಿಯ ಬಳಿ ಬೋರಲಾಗಿ ಬಿದ್ದಿದ್ದ ಬಿಳಿಯ ಎನಾಮಲ್ ಬೋಗುಣಿಯೊಂದನ್ನು ಎತ್ತಿಕೊಂಡೆ. ಅಂಚಿಗೆ ನೀಲಿ ಗೆರೆ, ತಳದಲ್ಲಿ ಎನಾಮಲ್ ಹಾರಿ ಅಲ್ಲಲ್ಲಿ ಕಪ್ಪು. ತಮ್ಮನವರಿಗೆ ಸಂಕೋಚವಾಯಿತು. "ಇದನ್ಯಾಕ ಒಯ್ತೀರಿ? ಒಳಗ ಸ್ಟೀಲಿನ್ವು ಛಲೋ ಛಲೋ ಅದಾವ" ಎಂದರು. ಇದೇ ಸಾಕು ಎಂದೆ.

ಅಕ್ಕೋರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸರಿ ಬರುತ್ತಿರಲಿಲ್ಲ. ನಮ್ಮ ಕಡೆ ಸಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಆದರೂ ನಮ್ಮ ಓಣಿಯಲ್ಲಿ ಬರೀ ಅಕ್ಕೋರು ಎಂದರೆ ಅವರೊಬ್ಬರೇ.

ಹೈಸ್ಕೂಲಿನಲ್ಲಿ ನನಗೆ ಜೀವಶಾಸ್ತ್ರ ಹೇಳಿದವರು ಅವರು. ತೆಳ್ಳನೆಯ ಮೈ, ಇಸ್ತ್ರಿ ಮಾಡಿದ ಹತ್ತಿ ಸೀರೆ, ಮಣಿಕಟ್ಟಿನ ಒಳಬದಿಗೆ ಮುಖ ಮಾಡಿ ಕಟ್ಟಿದ ಗಡಿಯಾರ. ಹೊಸದೊಂದು ವಸ್ತು ಕಣ್ಣಿಗೆ ಬಿದ್ದರೆ ಅವರು ಮೊದಲು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟುತ್ತಿದ್ದರು. ಆಮೇಲೆ ಬಗ್ಗಿ ನೋಡುತ್ತಿದ್ದರು. ನಮಗೂ ಹಾಗೇ ಮಾಡಿಸುತ್ತಿದ್ದರು. ಕೈ ಮುಂದಿದ್ದರೆ ಅದು ಮುಟ್ಟುತ್ತದೆ, ಮುಟ್ಟಿದರೆ ಹುಳ ಸತ್ತಂತೆ ಬಿದ್ದುಕೊಳ್ಳುತ್ತದೆ, ಬಿದ್ದುಕೊಂಡ ಹುಳದಿಂದ ಕಲಿಯುವುದು ಏನೂ ಇಲ್ಲ ಎನ್ನುವುದು ಅವರ ವಾದ.

ಒಮ್ಮೆ ನಮ್ಮನ್ನು ಕೋಟೆಯ ಕಂದಕದ ಬದಿಗೆ ಕರೆದುಕೊಂಡು ಹೋಗಿ, ಇಬ್ಬಿಬ್ಬರಿಗೆ ಒಂದೊಂದು ಪೊದೆ ಹಂಚಿ, ಇಡೀ ತಾಸು ಅದನ್ನೇ ನೋಡುತ್ತ ಕೂರಿಸಿದ್ದರು. ನನ್ನ ಜೊತೆಯವಳ ಲಂಗದ ಮೇಲೆ ಏನೋ ಹರಿದಾಡಿತು. ಅವಳು ಚೀರಿ, ಝಾಡಿಸಿ, ಚಪ್ಪಲಿಯಿಂದ ತಿಕ್ಕಿಬಿಟ್ಟಳು. ಅಕ್ಕೋರು ಬೈಯಲಿಲ್ಲ. ಅದು ಏನು ತಿನ್ನುತ್ತಿತ್ತು ಎಂದು ಅವಳನ್ನು ಕೇಳಿದರು. ಗೊತ್ತಿಲ್ಲ ಎಂದಳು. "ಗೊತ್ತಿಲ್ಲದ ಕೊಂದಿ. ಇನ್ನ ಮ್ಯಾಲೆ ಗೊತ್ತು ಮಾಡಿಕೊಂಡು ಕೊಲ್ಲು" ಎಂದರು. ಕೊಲ್ಲಬೇಡ ಎನ್ನಲಿಲ್ಲ. ಹುಳವನ್ನು ಕಂಡರೆ ಕರಗುವ ಮನುಷ್ಯರಲ್ಲ ಅವರು. ಕೊಲ್ಲಬೇಕಾದುದನ್ನು ಕೊಲ್ಲುವಾಗ ಅವರ ಮುಖದಲ್ಲಿ ಬೇಳೆ ಆರಿಸುವಾಗಿನ ಶಾಂತಿಯೇ ಇರುತ್ತಿತ್ತು.

ಅವರ ಮನೆ ನಮ್ಮ ಮನೆಗೆ ಬಾಜೂಕ. ಮದುವೆಯಾಗಿರಲಿಲ್ಲ. ತಾಯಿ ಖಾನಾಪುರದಲ್ಲಿ ಹಾಸಿಗೆ ಹಿಡಿದಿದ್ದಷ್ಟು ಕಾಲ ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಬೆಳಗಾವಿಗೆ ಬಂದು ಹೋಗಿ ಮಾಡುತ್ತಿದ್ದರಂತೆ. ತಾಯಿ ಹೋದ ಮೇಲೆ ಇಲ್ಲಿ ಈ ಸಣ್ಣ ಮನೆ ಕೊಂಡರು. ಮನೆಗಿಂತ ಹಿತ್ತಲು ದೊಡ್ಡದು ಎಂಬುದೇ ಕೊಂಡ ಕಾರಣ. ಗುಲಾಬಿ, ದಾಸವಾಳ, ಚೆಂಡುಹೂ, ಸೇವಂತಿಗೆ, ಮೂಲೆಯಲ್ಲಿ ಒಂದು ಬಿಲ್ವ. ಹೂ ಇದ್ದಲ್ಲಿ ಹುಳ ಇರುತ್ತದೆ. ಇಷ್ಟವಿದ್ದವರು ಹೂವನ್ನು ನೋಡಲು ಬರುತ್ತಿದ್ದರು. ಅಕ್ಕೋರು ಹುಳವನ್ನು ನೋಡುತ್ತಿದ್ದರು.

ಯಾವ ಹುಳ ಕಂಡರೂ ಅವರು ಕೇಳುವ ಪ್ರಶ್ನೆ ಮೂರೇ. "ಯಾವಾಗ ಬಂತು? ಎಲ್ಲಿ ಕುಂತೈತಿ? ಏನ ತಿಂತೈತಿ?" ಮೂರಕ್ಕೂ ಉತ್ತರ ಸಿಕ್ಕ ಮೇಲೆ ತೀರ್ಪು. ತೀರ್ಪು ಎರಡೇ ಬಗೆ. ಒಂದು, "ಬೋಗುಣಿ ಹಿಡಿ." ಇನ್ನೊಂದು, "ಇರಲಿ ಬಿಡು. ಏನೂ ಕೆಡಸೂದಿಲ್ಲ."

ಪುಸ್ತಕದ ಹೆಸರುಗಳು ಅವರಿಗೆ ಗೊತ್ತಿದ್ದವು, ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಸುತ್ತಿದ್ದರು. ಹಿತ್ತಲಲ್ಲಿ ಬೇರೆ ಹೆಸರುಗಳಿದ್ದವು. ತಿಳಿಬಣ್ಣದ ಗುಲಾಬಿಯನ್ನೇ ಹುಡುಕಿಕೊಂಡು ಬಂದು, ಪಕಳೆಗಳ ನಡುವೆ ಹೊಕ್ಕು, ತಿಂದು ಅಲ್ಲೇ ಮಲಗುವ ದಪ್ಪ ಕಂದು ದುಂಬಿಗೆ 'ಅಳಿಯ' ಎನ್ನುತ್ತಿದ್ದರು. ಕಪ್ಪಿನ ಮೇಲೆ ಕಿತ್ತಳೆ ಪಟ್ಟಿಯುಳ್ಳ ಉದ್ದನೆಯ ಹುಳ ದಾಸವಾಳದ ಹೂವನ್ನು ಅಂಚಿನಿಂದ ತಿನ್ನುತ್ತದೆ. ಹಿಡಿದರೆ ಅದರ ಮೈಯ ರಸಕ್ಕೆ ಚರ್ಮ ಬೊಬ್ಬೆ ಏಳುತ್ತದೆ. ಅದು 'ಸಾಹೇಬ'. ಕೈ ಕೊಡಬಾರದು, ದೂರದಿಂದಲೇ ಸಾಗಹಾಕಬೇಕು. ಚೆಂಡುಹೂವಿನ ನಡುವೆ ಪರಾಗ ಮೆತ್ತಿಕೊಂಡು ಕೂರುವ, ಎಳ್ಳಿಗಿಂತ ಸಣ್ಣ ಕರಿಯ ಹುಳ 'ಬಡವ'. ಅದು ಹೂವನ್ನು ಹರಿಯುವುದಿಲ್ಲ, ಧೂಳು ತಿಂದು ಹೋಗುತ್ತದೆ. ಇರಲಿ ಬಿಡು. ಇನ್ನು ಗುಲಗಂಜಿ ಹುಳ. ಕೆಂಪು ಬೆನ್ನು, ಕಪ್ಪು ಚುಕ್ಕೆ, ಮೊಗ್ಗಿನ ಕೆಳಗೆ ಮುತ್ತಿದ ಹಸಿರು ಹೇನುಗಳನ್ನು ತಿಂದು ಗಿಡವನ್ನು ಉಳಿಸುವುದು ಅದೇ. ಅದಕ್ಕೆ ಮಾತ್ರ ಅಡ್ಡಹೆಸರು ಇಡಲಿಲ್ಲ. ಅದರ ಮರಿ ಬೂದುಬಣ್ಣದ್ದು, ಒರಟು ಮೈ, ನೋಡಲು ಮೊಸಳೆಯ ಹಾಗೆ. ಜನ ಅದನ್ನೇ ಹುಡುಕಿ ಕೊಲ್ಲುತ್ತಾರೆ. ನಮ್ಮ ಅವ್ವ ಒಂದನ್ನು ಎಲೆ ಸಮೇತ ಕಿತ್ತು ಹೊಸಕಲು ಹೋದಾಗ ಅಕ್ಕೋರು ಕೈ ಹಿಡಿದರು. "ಕೂಸು ಚಂದ ಇಲ್ಲಂತ ಹೊರಗ ಒಗೀತೀರೇನ್ರಿ?"

ಅವ್ವ ನಿತ್ಯ ಲಿಂಗಪೂಜೆಗೆ ಅವರ ಹಿತ್ತಲಿನ ಹೂವನ್ನೇ ತರುತ್ತಿದ್ದಳು. ಪೂಜೆಗೆ ಒಯ್ಯುವ ಹೂವನ್ನು ಮೂಸಬಾರದು, ಹುಳ ತಿಂದದ್ದಿರಬಾರದು ಎನ್ನುವುದು ಅವ್ವನ ಕಟ್ಟಳೆ. ಒಳಗೆ ಯಾರಿದ್ದಾರೆಂದು ನೋಡದೆ ಹೂ ಕೊಡಬಾರದು ಎನ್ನುವುದು ಅಕ್ಕೋರ ಕಟ್ಟಳೆ. ಒಂದೊಂದೇ ಹೂವನ್ನು ಅಂಗೈ ಮೇಲೆ ಬಗ್ಗಿಸಿ, ತೊಟ್ಟಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಕಾಯುತ್ತಿದ್ದರು. ಅವ್ವನಿಗೆ ಸ್ನಾನದ ಒದ್ದೆ ತಲೆ, ಒಲೆಯ ಮೇಲೆ ಹಾಲು. "ಅಕ್ಕೋರ, ಹೂ ಕೊಡ್ತೀರೋ, ಹುಳದ ಪಂಚಾಯ್ತಿ ಮುಗಸ್ತೀರೋ?" ಎನ್ನುತ್ತಿದ್ದಳು. ಅಕ್ಕೋರು ತಲೆ ಎತ್ತದೆ, ಅಂಗೈ ಮೇಲಿನ ಲಿಂಗಕ್ಕೆ ಏರಿಸಿದ ಮೇಲೆ ಹುಳ ಹೊರಗೆ ಬಂದರೆ ನೀವು ಅದನ್ನು ಪೂಜೆ ಮಾಡುತ್ತೀರೋ ಕೊಲ್ಲುತ್ತೀರೋ ಎಂದು ಕೇಳುತ್ತಿದ್ದರು. ಅವ್ವನಿಗೆ ನಗು ತಡೆಯಲಾಗುತ್ತಿರಲಿಲ್ಲ.

ಗಿಡಕ್ಕೆ ಹೊಡೆಯುವ ಔಷಧದ ಅಂಗಡಿಗೆ ಅವರ ಜೊತೆ ಒಮ್ಮೆ ಹೋಗಿದ್ದೆ. ಕಡ್ಡಿಪೆಟ್ಟಿಗೆಯಲ್ಲಿ ಒಂದು ಅಳಿಯನನ್ನು ಒಯ್ದಿದ್ದರು. ಅಂಗಡಿಯವನು ಪೆಟ್ಟಿಗೆ ತೆರೆಯದೆಯೇ ಒಂದು ಬಾಟಲಿ ಮುಂದಿಟ್ಟು, ಎಲ್ಲ ಹುಳಕ್ಕೂ ಇದೇ ಎಂದ. "ಎಲ್ಲಾದಕ್ಕೂ ಒಂದ ಆದ್ರ, ನೀವು ಪೆಟ್ಟಿಗಿ ಯಾಕ ತಗೀತೀರಿ, ಖರೇ ಐತಿ" ಎಂದು ಕಡ್ಡಿಪೆಟ್ಟಿಗೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟರು. ಆಮೇಲೆ ಔಷಧದ ಮಾತೇ ಇಲ್ಲ, ಬೋಗುಣಿಯೇ. ತಂಪು ಇರುವಾಗ, ಬಿಸಿಲು ಗೋಡೆ ದಾಟುವ ಮೊದಲು, ದುಂಬಿಗಳ ಕಾಲು ಜಡವಾಗಿರುತ್ತವೆ. ಆಗ ಸಾಬೂನು ಕದಡಿದ ನೀರನ್ನು ಹೂವಿನ ಕೆಳಗೆ ಹಿಡಿದು ಟೊಂಗೆಯನ್ನು ತಟ್ಟಿದರೆ, ಅವು ಹಾರದೆ ಕಾಲು ಮಡಚಿಕೊಂಡು ನೇರ ನೀರಿಗೆ ಬಿದ್ದು ಸಾಯುತ್ತವೆ. ಬಿಸಿಲೇರಿದ ಮೇಲೆ ಎಷ್ಟು ತಟ್ಟಿದರೂ ಕೆಲಸವಿಲ್ಲ. ಬೋಗುಣಿ ಬಿಳಿಯದೇ ಬೇಕು, ಬಿದ್ದವರು ಯಾರೆಂದು ಕಾಣಬೇಕು. ತಪ್ಪಿ ಬಿದ್ದ ಬಡವರನ್ನು ಎಲೆಯ ಮೇಲೆ ಎತ್ತಿ ಗೋಡೆಗೆ ಇಡುತ್ತಿದ್ದರು.

ಮುಂಗಾರಿನ ಮೊದಲ ಮಳೆ ಬಿದ್ದ ದಿನ ಸಂಜೆ ಓಣಿಯ ಮನೆಮನೆಗೆ ಹೋಗಿ ಅಂಗಳದ ದೀಪ ಆರಿಸಲು ಹೇಳುವುದೂ ಅವರದೇ ಕೆಲಸ. ಮಣ್ಣಿನಿಂದ ಎದ್ದ ದುಂಬಿಗಳು ಬೆಳಕಿಗೆ ಬಂದು, ಬೆಳಕಿನ ಬಾಜುವಿನ ಗಿಡದಲ್ಲಿ ಉಳಿಯುತ್ತವೆ. ಮೂಲೆಮನೆಯ ಚಾಚಾ ತಮ್ಮ ದೀಪ ಆರಿಸಿ, "ಅಕ್ಕೋರ, ನಿಮ್ಮ ಅಳಿಯಾ ನಮ್ಮ ಮನಿಗಿ ಬಂದ್ರ ಚಹಾ ಕುಡಿಸಿ ಕಳಸ್ತೇವಿ" ಎಂದು ಕತ್ತಲಲ್ಲಿ ಕೂಗಿ ಹೇಳುತ್ತಿದ್ದರು.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಉದ್ಯಮಬಾಗದಲ್ಲಿ ಲೋಹದ ಎರಕ ಹೊಯ್ಯುವ ಒಂದು ಫೌಂಡ್ರಿಯ ಪ್ರಯೋಗಾಲಯಕ್ಕೆ ಸೇರಿದೆ. ಅಚ್ಚಿನ ಮರಳನ್ನು ಜರಡಿ ಹಿಡಿದು, ತೂಗಿ, ತೇವ ನೋಡುವ ಕೆಲಸ. ಹೋಗುವ ಮೊದಲು ಅಕ್ಕೋರ ಹಿತ್ತಲಿಗೆ ಹೋಗಿ ಬೋಗುಣಿ ಹಿಡಿಯುವುದು ರೂಢಿಯಾಯಿತು. ಅವರು ಆಗ ನಿವೃತ್ತರಾಗಿದ್ದರು. ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ನನಗೆ ಮಾತು ಸುಲಭವಲ್ಲ, ಅವರಿಗೆ ಬೇಕಿರಲಿಲ್ಲ.

ಹಾಗಾಗಿ ಅವರು ತಾವಾಗಿ ಮಾತು ತೆಗೆದ ಆ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಗುಲಾಬಿಯ ಮೇಲೆ ಬಗ್ಗಿಕೊಂಡೇ ಹೇಳಿದರು. ಡಾಕ್ಟರ ಬಳಿ ಹೋಗಿ ಬಂದೆ, ನನ್ನ ತಾಯಿಗೆ ಆದದ್ದೇ ನನಗೂ ಆಗುತ್ತಿದೆ, ಇನ್ನೂ ಶುರುವಿನಲ್ಲಿದೆ ಎಂದರು. ಅವರ ತಾಯಿಗೆ ಮರೆವು ಬಂದಿತ್ತೆಂದು ನನಗೆ ಗೊತ್ತಿತ್ತು. ಹೇಗೆ ಬಂದಿತ್ತೆಂದು ಅವತ್ತು ತಿಳಿಯಿತು. ಒಲೆಯ ಮೇಲೆ ಇಟ್ಟದ್ದು ಮರೆತು ಒಮ್ಮೆ ಅಡುಗೆಮನೆ ಸುಟ್ಟಿತ್ತು. ಆದರೆ ಅಕ್ಕೋರನ್ನು ಸುಟ್ಟದ್ದು ಅದಲ್ಲ. "ಕಡೀಕಡೀಕ ನಾ ಸಾಲಿ ಬಿಟ್ಟು ಮನಿಗಿ ಹೋದ್ರ, 'ಬರ್ರಿ, ಕುಂದರ್ರಿ' ಅಂತಿದ್ಲು. ಹೆತ್ತಾಕಿ, ನನಗ ರೀ ಹಚ್ಚಿ ಮಾತಾಡ್ತಿದ್ಲು."

ಸ್ವಲ್ಪ ಹೊತ್ತು ಹೂ ತಟ್ಟಿದರು. ಏನೂ ಬೀಳಲಿಲ್ಲ.

ಅವರಿಗೆ ಖಾನಾಪುರಕ್ಕೆ ಹೋಗುವ ಮನಸ್ಸಿರಲಿಲ್ಲ. ತಮ್ಮನೂ ಅವನ ಹೆಂಡತಿಯೂ ಒಳ್ಳೆಯವರು, ಈ ಸುದ್ದಿ ಗೊತ್ತಾದರೆ ನಾಳೆಯೇ ಬಂದು ಕರೆದೊಯ್ಯುತ್ತಾರೆ, ಅದಕ್ಕೇ ಹೇಳಿಲ್ಲ ಎಂದರು. ಈ ಹಿತ್ತಲಲ್ಲಿ ಎಷ್ಟು ದಿನ ಇರಲು ಬರುತ್ತದೋ ಅಷ್ಟು ದಿನ ಇರಬೇಕು. ಆದರೆ ಅದಕ್ಕಿಂತ ಒಂದು ದಿನವೂ ಹೆಚ್ಚು ಇದ್ದು ಓಣಿಗೆ ಬೆಂಕಿ ಹಚ್ಚಬಾರದು. ಆ ದಿನ ಯಾವುದೆಂದು ತಮಗೆ ಗೊತ್ತಾಗುವುದಿಲ್ಲವಲ್ಲ, ಅದೇ ತೊಡಕು.

"ಕೀಲಿ ಮರತರ ಮರೀಲಿ, ಕೀಲಿ ಎಲ್ಲಾರೂ ಮರೀತಾರ. ಗುಲಗಂಜಿ ಹುಳಾನ ಬೋಗುಣ್ಯಾಗ ಹಾಕಿದ್ನೆಂದ್ರ, ಅವತ್ತ ನೀ ನನ್ನ ತಮ್ಮಗ ಫೋನ್ ಮಾಡು. ನಾ ಕೇಳಿದ್ರ ಖರೇ ಹೇಳು. ಕನಿಕರ ಮಾಡಬ್ಯಾಡ." ಆಮೇಲೆ, "ನಿಮ್ಮವ್ವಗ ಹೇಳಿದ್ರ ಆಕಿ ಅಳ್ತಾಳ. ನೀ ಕಡಿಮಿ ಮಾತಾಡ್ತಿ. ಅದಕ್ಕ ನಿನಗ ಹೇಳಾಕತ್ತೇನಿ" ಎಂದರು.

ಆಗಲಿ ಎಂದೆ.

ಅಲ್ಲಿಂದ ಬೆಳಗಿನ ಕೆಲಸ ಪರೀಕ್ಷೆಯಾಯಿತು. ಬೋಗುಣಿಯಲ್ಲಿ ಬಿದ್ದದ್ದನ್ನೆಲ್ಲ ಅವರು ಕಡ್ಡಿಯಿಂದ ಸರಿಸುತ್ತ ಒಂದೊಂದರ ಹೆಸರು ಹೇಳುವುದು, ನಾನು ಕೇಳಿಸಿಕೊಳ್ಳುವುದು. ನನಗೆ ಅಂಕ ಕೊಡುತ್ತಿದ್ದವರಿಗೆ ನಾನು ಪರೀಕ್ಷಕಳಾದೆ. ಒಂದು ವರ್ಷ ಕಳೆಯಿತು, ಮತ್ತೊಂದು ಮಳೆಗಾಲವೂ. ಹಾಲಿನವನ ಹೆಸರು ಹೋಯಿತು, ಬಸ್ಸಿನ ನಂಬರು ಹೋಯಿತು, ತಾವು ಕಲಿಸುತ್ತಿದ್ದ ಸಾಲೆಯ ದಾರಿ ಹೋಯಿತು. ಹುಳಗಳು ಉಳಿದಿದ್ದವು. ಹೆಸರು ತಪ್ಪಿದರೂ ಪ್ರಶ್ನೆ ತಪ್ಪುತ್ತಿರಲಿಲ್ಲ. ಎಲ್ಲಿ ಕೂತಿದೆ, ಏನು ತಿನ್ನುತ್ತಿದೆ ಎಂದು ತಮಗೆ ತಾವೇ ಗುಣುಗುಣಿಸಿ ಸರಿಯಾದ ತೀರ್ಪಿಗೆ ಬರುತ್ತಿದ್ದರು.

ಒಮ್ಮೆ ದಾಸವಾಳದ ಮೇಲಿನ ಸಾಹೇಬನನ್ನು ಎರಡು ಬೆರಳಲ್ಲಿ ಹಿಡಿದುಬಿಟ್ಟರು. ಬೆರಳನ್ನು ಸಾಬೂನು ಹಚ್ಚಿ ತೊಳೆದೆ. ಸಂಜೆ ನಾನು ಕೆಲಸದಿಂದ ಬರುವಷ್ಟರಲ್ಲಿ ಬೊಬ್ಬೆ ಎದ್ದಿತ್ತು. "ಸಾಹೇಬರ ಕೈ ಕುಲುಕಿದೆ ನೋಡು" ಎಂದು ನಕ್ಕರು. ನಾನೂ ನಕ್ಕೆ. ಒಪ್ಪಂದದಲ್ಲಿ ಇದ್ದದ್ದು ಗುಲಗಂಜಿ ಹುಳ, ಸಾಹೇಬನಲ್ಲ. ಇಬ್ಬರೂ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆವು.

ಆ ಚಳಿಗಾಲದಲ್ಲಿ ಗುಲಾಬಿಯ ಮೊಗ್ಗುಗಳಿಗೆ ಹಸಿರು ಹೇನು ವಿಪರೀತ ಹತ್ತಿತು. ಹೇನು ಹತ್ತಿದರೆ ಗುಲಗಂಜಿ ಹುಳ ಬರುತ್ತವೆ. ಬಂದವು. ಅವತ್ತು ಮಂಜು ದಟ್ಟವಾಗಿತ್ತು, ನಾನು ಹೋಗುವುದು ತುಸು ತಡವಾಯಿತು. ಅಕ್ಕೋರು ಆಗಲೇ ಬೋಗುಣಿ ಹಿಡಿದು ಗಿಡದ ಮುಂದೆ ನಿಂತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಹಳ ಲಕ್ಷ್ಯವಿಟ್ಟು ಟೊಂಗೆ ತಟ್ಟುತ್ತಿದ್ದರು. ನನ್ನನ್ನು ಕಂಡು, "ಈ ಕೆಂಪನ್ನೂವು ಭಾಳ ಆಗ್ಯಾವ. ಮೊಗ್ಗಿ ಎಲ್ಲಾ ತಿಂದು ಹಾಕಾಕತ್ತಾವ" ಎಂದರು.

ಬಿಳಿ ತಳದ ಮೇಲೆ ಕೆಂಪು ಬೆನ್ನುಗಳು. ಕೆಲವು ಇನ್ನೂ ಕಾಲಾಡಿಸುತ್ತಿದ್ದವು.

ನಾನು ಅವರ ಕೈಯಿಂದ ಬೋಗುಣಿ ತೆಗೆದುಕೊಂಡು ಕಟ್ಟೆಯ ಮೇಲಿಟ್ಟೆ. ಗುಲಾಬಿಯ ಎಲೆಯೊಂದನ್ನು ಕಿತ್ತು ಬದುಕಿದ್ದವನ್ನು ಒಂದೊಂದಾಗಿ ಎತ್ತಿ ಗೋಡೆಯ ಮೇಲೆ ಇಡತೊಡಗಿದೆ. ಅಕ್ಕೋರು ಪಕ್ಕದಲ್ಲಿ ನಿಂತು ನೋಡಿದರು. ನಾನು ಮಾಡುತ್ತಿದ್ದುದು ಅವರದೇ ಕೆಲಸ, ಎಲೆ ಹಿಡಿಯುವ ರೀತಿಯೂ ಅವರದೇ. ಅದು ಅವರಿಗೆ ಏನನ್ನೋ ಎತ್ತಿ ಕೊಟ್ಟಿರಬೇಕು. ನಿಧಾನವಾಗಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬಗ್ಗಿ ಬೋಗುಣಿಯೊಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಇವನ್ನ ನಾ ಹಾಕಿದ್ನೇನ?"

ಮಂಜಿಗೆ ಗಿಡದಿಂದ ತಾವೇ ಜಾರಿ ಬಿದ್ದವು ಎನ್ನಬಹುದಿತ್ತು. ಅವರು ನಂಬುತ್ತಿದ್ದರು.

"ಹೌದ್ರಿ ಅಕ್ಕೋರ" ಎಂದೆ.

ಅವರು ಸೆರಗನ್ನು ಸೊಂಟದಿಂದ ಬಿಚ್ಚಿ ಕೈ ಒರೆಸಿಕೊಂಡರು, ಬೆರಳು ಬೆರಳಾಗಿ. "ಹಂಗಾದ್ರ ಫೋನ್ ಹಚ್ಚು" ಎಂದರು.

ಹಚ್ಚಿದೆ. ತಮ್ಮನವರಿಗೆ ನಾನು ಹೇಳಿದ್ದು ತಿಳಿಯಲಿಲ್ಲ. ಗುಲಗಂಜಿ ಹುಳವನ್ನು ಸಾಬೂನು ನೀರಿಗೆ ಹಾಕಿದರು ಎಂದರೆ ಯಾರಿಗೆ ತಾನೇ ತಿಳಿದೀತು. "ಹುಳ ಸತ್ತಾವಂತ ಫೋನ್ ಮಾಡೀರೇನು?" ಎಂದು ಮತ್ತೆ ಮತ್ತೆ ಕೇಳಿದರು. ನಾನು ತಡವರಿಸುವುದನ್ನು ನೋಡಿ ಅಕ್ಕೋರು ಫೋನು ಇಸಿದುಕೊಂಡರು.

"ತಮ್ಮಾ, ಬಾ. ಅವ್ವಂದು ನನಗ ಬಂತು."

ಅಕ್ಕೋರು ಫೋನು ನನಗೆ ಕೊಟ್ಟು, ನಿನ್ನ ಕೆಲಸಕ್ಕೆ ಹೊತ್ತಾಯಿತು ಹೋಗು ಎಂದರು. ಹೋದೆ. ಆ ದಿನ ಮರಳನ್ನು ತೂಗಿದ್ದನ್ನೇ ಮತ್ತೆ ಮತ್ತೆ ತೂಗಿದೆ.

ಖಾನಾಪುರದ ಮನೆ ಮಲಪ್ರಭೆಯ ಸೇತುವೆಗೆ ಹತ್ತಿರ. ತಮ್ಮನ ಹೆಂಡತಿಯ ತವರಿನ ಮಾತು ಮರಾಠಿ. "ಯಾ, ಬಸಾ" ಎಂದು ಒಳಗೆ ಕರೆದು ಕೂರಲು ಹೇಳಿ, ನಾನು ಕೂರುವ ಮೊದಲೇ ತಿನ್ನಲು ಏನಾದರೂ ತಂದಿಡುವಾಕೆ. ನಾನು ಅವರಿಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಅಕ್ಕೋರನ್ನು ಅವರು ಮಗುವಿನಂತೆ ನೋಡಿಕೊಂಡರು, ಆದರೆ ಮಗುವಿನೊಡನೆ ಆಡುವ ಹಾಗೆ ಮಾತಾಡಲಿಲ್ಲ. ಅಕ್ಕೋರು ಅಲ್ಲಿ ದುಃಖದಲ್ಲಿದ್ದರು ಎನ್ನಲಾರೆ. ಹಿತ್ತಲಲ್ಲಿ ಒಂದೇ ಒಂದು ದಾಸವಾಳವಿತ್ತು. ಬೆಳಗಿನಿಂದ ಅದರ ಮುಂದೆಯೇ ಇರುತ್ತಾರೆ, ಹೂ ಕೊಯ್ಯಲು ಹೋದವರನ್ನು ತಡೆದು ಮೊದಲು ತಾವು ತಟ್ಟಿ ಕೊಡುತ್ತಾರೆ, ಬೋಗುಣಿ ಮಾತ್ರ ಕೇಳುವುದಿಲ್ಲ ಎಂದು ವೈನಿ ಹೇಳುತ್ತಿದ್ದರು.

ರವಿವಾರ ಆದಾಗಲೆಲ್ಲ ಹೋಗುತ್ತಿದ್ದೆ. ಮೊದಮೊದಲು ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಆಮೇಲೆ 'ತಂಗಿ' ಎನ್ನತೊಡಗಿದರು. ಆಮೇಲೆ ನನ್ನನ್ನು ನೋಡಿ ನಗುತ್ತಿದ್ದರು, ಅಷ್ಟೇ.

ಕೊನೆಯ ಸಲ ಹೋದಾಗ ಮಳೆಗಾಲ ಶುರುವಾಗುವುದರಲ್ಲಿತ್ತು. ವೈನಿ ಅವಲಕ್ಕಿ ಕೊಟ್ಟರು, ತಿಂದು ಹಿತ್ತಲಿಗೆ ಹೋದೆ. ಅಕ್ಕೋರು ಗಿಡದ ಮುಂದೆ ನಿಂತಿದ್ದರು. ಬಹಳ ಇಳಿದಿದ್ದರು. ಗಡಿಯಾರವಿಲ್ಲದ ಮಣಿಕಟ್ಟಿನಲ್ಲಿ ಅದರ ಬಿಳಿ ಗುರುತು ಇನ್ನೂ ಹಾಗೇ ಇತ್ತು. ಹೆಜ್ಜೆ ಸಪ್ಪಳಕ್ಕೆ ತಿರುಗಿದರು. ನನ್ನನ್ನು ನೋಡಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಯಾವಾಗ ಬಂದ್ರಿ?" ಎಂದರು.

ರೀ ಹಚ್ಚಿದ್ದರು. ಅದು ಒಂದು ದಿನ ಬರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದ ಏನೂ ಉಪಯೋಗವಾಗಲಿಲ್ಲ.

"ಈಗ ಬಂದ್ನಿರಿ. ಹತ್ತರ ಬಸ್ಸಿಗೆ."

"ಎಲ್ಲಿ ಕುಂದರ್ತೀರಿ?"

ಬಟ್ಟೆ ಒಗೆಯುವ ಕಲ್ಲಿತ್ತು. "ಇಲ್ಲೇ ಕುಂದರ್ತೇನ್ರಿ" ಎಂದು ಕುಳಿತೆ.

"ಏನ ತಿಂದ್ರಿ?"

"ಅವಲಕ್ಕಿರಿ."

ಬಾಗಿಲಲ್ಲಿ ವೈನಿ ಬಂದು ನಿಂತಿದ್ದರು. "ಅಕ್ಕಾ, ಗುರ್ತ ಸಿಗಲಿಲ್ಲೇನ್ರಿ? ನಿಮ್ಮ ಖಾಸಬಾಗದ ಹುಡುಗಿ" ಎಂದರು. ಅಕ್ಕೋರು ಆ ಕಡೆ ನೋಡಲಿಲ್ಲ. ನನ್ನ ಕಡೆಗೇ ಬಗ್ಗಿ ನೋಡುತ್ತಿದ್ದರು, ಕೋಟೆಯ ಕಂದಕದ ಬದಿ ನಮಗೆ ಕಲಿಸಿದ ಹಾಗೆ, ಅವಸರವಿಲ್ಲದೆ, ಮುಟ್ಟದೆ. ನಾನು ಅಲ್ಲಾಡದೆ ಕುಳಿತಿದ್ದೆ. ಆಮೇಲೆ ಅವರು ನೆಟ್ಟಗಾಗಿ ವೈನಿಯ ಕಡೆ ತಿರುಗಿದರು.

"ಇರಲಿ ಬಿಡು" ಎಂದರು. "ಏನೂ ಕೆಡಸೂದಿಲ್ಲ."

ಮತ್ತೆ ದಾಸವಾಳದ ಕಡೆ ತಿರುಗಿ, ಒಂದು ಹೂವನ್ನು ಅಂಗೈ ಮೇಲೆ ಬಗ್ಗಿಸಿ, ತೊಟ್ಟಿಗೆ ಮೆಲ್ಲಗೆ ತಟ್ಟಿ ಕಾಯತೊಡಗಿದರು. ಬಸ್ಸಿನ ಹೊತ್ತಾಗುವವರೆಗೆ ನಾನು ಅಲ್ಲೇ ಕುಳಿತಿದ್ದೆ.